ತೆರಪು ಎಷ್ಟು ಗಂಟೆ ಬೇಕು, ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ದೂರಶಿಕ್ಷಣದ ಅರ್ಧ ಪುಟದ ಜಾಹೀರಾತೊಂದು ಬಂದಿತ್ತು. ಒಲೆ ಮುಂದೆ ನಿಂತ ಹೆಂಗಸು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪುಸ್ತಕ, ಮುಖದ ತುಂಬ ನಗು. ಕೆಳಗೆ ದಪ್ಪಕ್ಷರದಲ್ಲಿ ‘ಬಿಡುವಿನ ವೇಳೆಯಲ್ಲಿ ಪದವಿ’. ಆ ಪುಟವನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದೆ. ಸೌಟು ಹಿಡಿದಿದ್ದು ಬಲಗೈ. ಹಾಗಾದರೆ ಅಸೈನ್‌ಮೆಂಟ್ ಬರೆಯುವುದು ಯಾವ ಕೈಯಲ್ಲಿ?

ಪತ್ರ ಉದ್ದವಾಗುತ್ತದೆ, ಕ್ಷಮಿಸಿ. ಕತ್ತರಿ ಹಾಕಲೇಬೇಕಾದರೆ ನನ್ನ ಮನೆ ಸುದ್ದಿಗೆ ಹಾಕಿ, ಲೆಕ್ಕಕ್ಕೆ ಹಾಕಬೇಡಿ.

ನಾನು ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಎಂದಿದೆ, ಊರಿನವರ ಬಾಯಲ್ಲಿ ಮಾತ್ರ ಇನ್ನೂ ‘ಲೈಬ್ರರಿ’. ವಯಸ್ಸು 39. ಮದುವೆಯಾದಾಗ ಪಿಯುಸಿ ಮುಗಿದಿತ್ತು. ಬಿ.ಎ. ಮಾಡಿದ್ದು ಮಗಳು ಅಂಗನವಾಡಿಗೆ ಹೋಗಲು ಶುರುಮಾಡಿದ ಮೇಲೆ, ಅದೂ ದೂರಶಿಕ್ಷಣದಲ್ಲೇ. ಆಗ ವರ್ಷಕ್ಕೊಂದೇ ಪರೀಕ್ಷೆ. ಬೇಸಿಗೆಯಲ್ಲಿ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿ, ಅದನ್ನು ನಮ್ಮಮ್ಮನ ಮಡಿಲಿಗೆ ಹಾಕಿ, ಒಂದು ತಿಂಗಳು ಕೋಣೆ ಸೇರಿ ಓದಿದರೆ ಮುಗಿಯಿತು. ಮೂರು ವರ್ಷವೂ ಹಾಗೇ ದಾಟಿದೆ. ಆ ಧೈರ್ಯವೇ ಈಗ ನನ್ನನ್ನು ಕೆಡಿಸಿದ್ದು.

ಈಗಿನದು ಸೆಮಿಸ್ಟರ್. ಆರು ತಿಂಗಳಿಗೊಂದು ಪರೀಕ್ಷೆ. ನಡುವೆ ಪ್ರತಿ ವಿಷಯಕ್ಕೂ ಅಸೈನ್‌ಮೆಂಟ್, ಅದು ಕೈಬರಹದಲ್ಲೇ ಇರಬೇಕು. ಅದರ ಜೊತೆಗೆ ಕಾಂಟ್ಯಾಕ್ಟ್ ಕ್ಲಾಸ್. ಆ ಕ್ಲಾಸುಗಳು ಭಾನುವಾರ. ಆಫೀಸಿಗೆ ಹೋಗುವವರಿಗೆ ಅನುಕೂಲವಾಗಲಿ ಎಂದು ಹಾಗೆ ಇಟ್ಟಿದ್ದಾರೆ, ಒಳ್ಳೆಯದೇ. ನಮ್ಮ ಗ್ರಂಥಾಲಯಕ್ಕೆ ರಜೆ ಸೋಮವಾರ. ಭಾನುವಾರವೇ ನಮಗೆ ಜನ ಜಾಸ್ತಿ, ಪಿಡಿಒ, ಎಫ್‌ಡಿಎ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗರು ಬೆಳಿಗ್ಗೆಯೇ ಬಂದು ಜಾಗ ಹಿಡಿಯುತ್ತಾರೆ. ಅವರನ್ನು ಹೊರಗೆ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ, ಗ್ರಂಥಾಲಯ ವಿಜ್ಞಾನದ ಪಾಠ ಕೇಳಲು ಹೋಗುವುದೆಂದರೆ ನನಗೇ ನಗು ಬರುತ್ತದೆ.

ಹೌದು, ಗ್ರಂಥಾಲಯ ವಿಜ್ಞಾನ. ಕನ್ನಡ ಎಂ.ಎ. ಮೊದಲ ವರ್ಷ ಮುಗಿಸಿದ್ದೆ. ಅದು ನನ್ನ ಖುಷಿಗೆ ಸೇರಿದ್ದು. ಆದರೆ ಹೊಟ್ಟೆಪಾಡು ಗ್ರಂಥಾಲಯದ್ದು. ಆ ವಿದ್ಯೆಯಲ್ಲಿ ನನ್ನ ಬಳಿ ಇದ್ದದ್ದು ಒಂದು ಸರ್ಟಿಫಿಕೇಟ್ ಮಾತ್ರ. ಮುಂದೆ ಯಾವತ್ತಾದರೂ ಕೇಳುತ್ತಾರೆ, ಗ್ರಂಥಾಲಯ ವಿಜ್ಞಾನದ ಪದವಿ ಬಿ.ಲಿಬ್. ಇರಲಿ ಎಂದು ಎಲ್ಲರೂ ಹೇಳುತ್ತಿದ್ದರು. ಎಂ.ಎ. ಮುಗಿಸಿ ಆಮೇಲೆ ಸೇರಬಹುದಿತ್ತು. ಆದರೆ 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ, ಒಬ್ಬರು ಏಕಕಾಲಕ್ಕೆ ಎರಡು ಕೋರ್ಸ್ ಮಾಡಬಹುದು, ಎರಡೂ ದೂರಶಿಕ್ಷಣದವಾದರೂ ಸರಿಯೇ ಎಂದು ಹೇಳಿದೆಯಲ್ಲ. ಓದಲು ಬರುವ ಹುಡುಗನೊಬ್ಬ ಅದನ್ನು ಮೊಬೈಲಿನಲ್ಲಿ ತೋರಿಸಿ, “ಮೇಡಂ, ಎರಡೂ ಒಟ್ಟಿಗೆ ಹೊಡೀರಿ” ಎಂದ. ಹೊಡೆದೆ. ಎರಡು ಶುಲ್ಕ ಕಟ್ಟಲು ಕೊಬ್ಬರಿ ಮಾರಿದ ದುಡ್ಡಿಗೆ ಕೈ ಹಾಕಿದೆವು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಆಸೆ ನನ್ನದು. ದೂರು ಹೇಳುವ ಮುನ್ನ ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಎರಡೂ ಬೇರೆ ಬೇರೆ ಸಂಸ್ಥೆಗಳು. ಹೆಸರು ಬರೆಯುವುದಿಲ್ಲ. ಬರೆದರೆ ಜಗಳ ಆ ಎರಡಕ್ಕೇ ನಿಲ್ಲುತ್ತದೆ, ನನ್ನ ಮಾತು ಅಷ್ಟು ಸಣ್ಣದಲ್ಲ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಪೇಪರು ಓದಲು ಬರುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವುದನ್ನು ಶುರುಮಾಡಿತಲ್ಲ, ಅದರಲ್ಲಿ ಓದಿ ಪದವಿ ಪಡೆದವರು. ಅವರ ಬಾಯಲ್ಲಿ ದೂರಶಿಕ್ಷಣ ಎಂಬ ಮಾತು ಬರುವುದೇ ಇಲ್ಲ, ಈಗಲೂ ‘ಅಂಚೆ ತೆರಪಿನ ಶಿಕ್ಷಣ’ ಎನ್ನುತ್ತಾರೆ. ತೆರಪು ಎಂದರೆ ಬಿಡುವು, ಸಂದು, ನಡುವೆ ಉಳಿದ ಖಾಲಿ ಜಾಗ. ಎಷ್ಟು ಒಳ್ಳೆಯ ಪದ! ನಾನು ಎರಡು ಕೋರ್ಸಿಗೆ ಸೇರಿದ್ದು ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅಂಚೆ ಸರಿ ಕಣಮ್ಮ, ನಿನ್ ತೆರಪೆಲ್ಲೈತೆ?” ಎಂದರು.

ತಮಾಷೆಗೆ ಕೇಳಿದ ಪ್ರಶ್ನೆ. ಆದರೆ ಅದು ನನ್ನ ತಲೆಯಿಂದ ಹೋಗಲಿಲ್ಲ. ಹುಡುಕಿದೆ.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವುದು ಅದರಲ್ಲೇ. ಹಾಲಿನ ಲೀಟರಿನ ಕೆಳಗೆ ಪೆನ್ಸಿಲಿನಲ್ಲಿ ನಾನು ಓದಿದ ಹೊತ್ತನ್ನೂ ಬರೆಯತೊಡಗಿದೆ. ಗ್ರಂಥಾಲಯದಲ್ಲಿ ಬಂದ ಪ್ರತಿ ಪುಸ್ತಕವನ್ನೂ ರಿಜಿಸ್ಟರಿಗೆ ಏರಿಸುವ ಅಭ್ಯಾಸ ನೋಡಿ, ಬಿಡುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಯಿಂದ ಆರು, ಏಳೂ ದಿನ. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ಒಂದು ಗಂಟೆ, ಅದು ವಾರಕ್ಕೆ ಐದು ದಿನ ದಕ್ಕಿದರೆ ಪುಣ್ಯ. ಸೋಮವಾರ ಮಧ್ಯಾಹ್ನ ಎರಡೂವರೆ ಗಂಟೆ. ಕೂಡಿದರೆ ವಾರಕ್ಕೆ 18 ಗಂಟೆ. ಹಬ್ಬ, ಮದುವೆ, ಜ್ವರ ಯಾವುದನ್ನೂ ಕಳೆಯದೆ ಸಿಕ್ಕಿದ ಲೆಕ್ಕ ಇದು. ಇದೇ ನನ್ನ ತೆರಪು.

ಇನ್ನು ಬೇಕಾದದ್ದು ಎಷ್ಟು? ಅದು ನನಗೆ ಎರಡೂ ಸಂಸ್ಥೆಗಳ ಪ್ರವೇಶ ಪುಸ್ತಿಕೆಯಲ್ಲಿ ಸಿಗಲಿಲ್ಲ. ಶುಲ್ಕ ಎಷ್ಟು, ಯಾವ ಕಂತು, ಫೋಟೊ ಎಷ್ಟು, ಜಾತಿ ಪ್ರಮಾಣಪತ್ರಕ್ಕೆ ಯಾರ ಸಹಿ ಎಲ್ಲ ಇತ್ತು. ‘ಕ್ರೆಡಿಟ್’ ಎಂಬ ಕಲಂನಲ್ಲಿ ವಿಷಯದ ಮುಂದೆ 4, 5 ಎಂದು ಅಂಕಿ ಇತ್ತು. ಮಾರ್ಕ್ಸ್‌ಗೆ ಸಂಬಂಧಿಸಿದ್ದೇನೋ ಇರಬೇಕು ಎಂದುಕೊಂಡಿದ್ದೆ. ದೂರಶಿಕ್ಷಣದ ಕೇಂದ್ರ ವಿಶ್ವವಿದ್ಯಾಲಯ ಇಗ್ನೋದ ಹಳೆಯ ಕೈಪಿಡಿಯೊಂದು ನಮ್ಮ ಗ್ರಂಥಾಲಯದ ಕಪಾಟಿನಲ್ಲಿತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ಓದು. ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಸೇರಿ.

ಎಂ.ಎ.ಯ ಆ ಸೆಮಿಸ್ಟರಿಗೆ 20 ಕ್ರೆಡಿಟ್. ಬಿ.ಲಿಬ್.ಗೆ 20. ಒಟ್ಟು 40. ಅಂದರೆ 1,200 ಗಂಟೆ. ಆರು ತಿಂಗಳಿಗೆ 26 ವಾರ. ವಾರಕ್ಕೆ 46 ಗಂಟೆ.

ನನ್ನ ಬಳಿ ಇದ್ದದ್ದು 18.

ಇನ್ನೂ ಇದೆ. ಪುಸ್ತಕಗಳ ಕಟ್ಟು ಬಂದದ್ದು ಪ್ರವೇಶವಾಗಿ ಏಳು ವಾರದ ಮೇಲೆ. ಅಲ್ಲಿಯವರೆಗೆ ‘ವೆಬ್‌ಸೈಟಿನಲ್ಲಿ ಪಿಡಿಎಫ್ ಇದೆ, ನೋಡಿಕೊಳ್ಳಿ’. ನನ್ನ ಮೊಬೈಲಿನ ಪರದೆಯಲ್ಲಿ ಹಳಗನ್ನಡದ ಪದ್ಯ ಓದಲು ಹೋದರೆ ಒಂದು ಸಾಲಿಗೆ ಮೂರು ಸಲ ಬೆರಳು ಎಳೆಯಬೇಕು. ಒತ್ತಕ್ಷರ ಕಾಣಲು ದೊಡ್ಡದು ಮಾಡಿದರೆ ಪದ್ಯದ ಬಲಭಾಗ ಹೋಗುತ್ತದೆ, ಚಿಕ್ಕದು ಮಾಡಿದರೆ ಒತ್ತು ಹೋಗುತ್ತದೆ. ಉಳಿದ 19 ವಾರಕ್ಕೆ 1,200 ಗಂಟೆ ಹಂಚಿದರೆ ದಿನಕ್ಕೆ ಒಂಬತ್ತು ಗಂಟೆ. ಅದು ಓದಲ್ಲ, ಇನ್ನೊಂದು ಉದ್ಯೋಗ.

ತಿರುಗಿಸಿ ಲೆಕ್ಕ ಹಾಕಿದೆ. ವಾರಕ್ಕೆ 18 ಗಂಟೆ, 26 ವಾರಕ್ಕೆ 468. ಮೂವತ್ತರಿಂದ ಭಾಗಿಸಿದರೆ ಹದಿನೈದೂವರೆ ಚಿಲ್ಲರೆ. ಅಂದರೆ ನನ್ನ ಮನೆ, ನನ್ನ ಕೆಲಸ, ನನ್ನ ಎರಡು ಮಕ್ಕಳು, ಮಂಡಿನೋವಿನ ಅತ್ತೆ, ಎರಡು ಹಸು, ಇವೆಲ್ಲ ಇದ್ದ ಹಾಗೇ ಇದ್ದರೆ ನಾನು ಒಂದು ಸೆಮಿಸ್ಟರಿನಲ್ಲಿ ಮಾಡಬಹುದಾದದ್ದು 15 ಕ್ರೆಡಿಟ್. ಎರಡು ಕೋರ್ಸು ಹಾಗಿರಲಿ, ಒಂದೇ ಕೋರ್ಸಿನ ಪೂರ್ತಿ ಹೊರೆಯನ್ನೂ ನಾನು ಹೊರಲಾರೆ. ಈ ಭಾಗಾಕಾರ ಐದನೇ ಕ್ಲಾಸಿನ ನನ್ನ ಮಗನಿಗೂ ಬರುತ್ತದೆ. ಪ್ರವೇಶದ ಕೌಂಟರಿನಲ್ಲಿ ಕೂತವರು ಒಂದು ಸಲ ಮಾಡಿ ತೋರಿಸಿದ್ದರೆ ಸಾಕಿತ್ತು.

ಹಾಗಾದರೆ ನಾನು ಹೇಗೆ ನಿಭಾಯಿಸಿದೆ ಎಂದು ಕೇಳುವಿರಿ. ಪೂರ್ತಿ ನಿಭಾಯಿಸಲಿಲ್ಲ. ನಿಭಾಯಿಸಿದಷ್ಟನ್ನು ಮನೆಯವರೆಲ್ಲ ಸೇರಿ ನಿಭಾಯಿಸಿದೆವು.

ಮೊದಮೊದಲು ನಮ್ಮ ಮನೆಯವರದು ಒಂದೇ ಮಾತು, “ಇನ್ನೂ ಓದಿ ಏನ್ ಮಾಡ್ತೀಯ?” ಸಿಟ್ಟಿನ ಮಾತಲ್ಲ, ನಿಜವಾಗಿಯೂ ಅರ್ಥವಾಗದ ಮಾತು. ಒಂದು ದಿನ ಮಗನ ಮೇಷ್ಟ್ರು ಹೋಂವರ್ಕ್ ಯಾಕೆ ಮಾಡಿಲ್ಲ ಎಂದು ಕೇಳಿದರೆ ಇವನು, “ನಮ್ಮಮ್ಮಾನೂ ಹೋಂವರ್ಕ್ ಮಾಡಿಲ್ಲ ಸಾರ್, ಅವರನ್ನ ಯಾರೂ ಕೇಳಲ್ಲ” ಎಂದನಂತೆ. ಅದು ಊರೆಲ್ಲ ಸುತ್ತಿ ತೋಟದಲ್ಲಿದ್ದ ಇವರ ಕಿವಿಗೂ ಬಿತ್ತು. ಅವತ್ತು ರಾತ್ರಿ ಜಗಳವಾಗಬಹುದು ಎಂದುಕೊಂಡಿದ್ದೆ. ಇವರು ಊಟ ಮಾಡಿ ಕೈ ತೊಳೆದು, “ಎಷ್ಟು ಬಾಕಿ ಐತೆ ತೋರ್ಸು” ಎಂದರು. ತೋರಿಸಿದೆ. ಎಂಟು ಅಸೈನ್‌ಮೆಂಟ್. ಮಾರನೆಯ ದಿನದಿಂದ ಬೆಳಗಿನ ಹಾಲು ಕರೆಯುವುದು, ಡೈರಿಗೆ ಹಾಕುವುದು ಇವರ ಪಾಲಿಗೆ. ಸಂಜೆಯದು ನನಗೇ ಉಳಿಯಿತು. ದೊಡ್ಡ ತ್ಯಾಗವೆಂದು ಹೇಳುವುದಿಲ್ಲ, ಅವರ ಹಸುಗಳೇ ಅವು. ಆದರೆ ಬೆಳಗಿನ ಆ ಒಂದೂವರೆ ಗಂಟೆ ನನಗೆ ಹುಟ್ಟಿದ್ದು ಅಲ್ಲಿಂದ.

ಅತ್ತೆಯವರ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು.

ಬಿ.ಲಿಬ್.ನಲ್ಲಿ ಸೂಚೀಕರಣ ಎಂಬ ಪ್ರಾಯೋಗಿಕ ವಿಷಯವಿದೆ. ಒಂದು ಪುಸ್ತಕದ ಲೇಖಕ, ಶೀರ್ಷಿಕೆ, ಪ್ರಕಾಶಕ, ಪುಟ ಎಲ್ಲವನ್ನೂ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಅಗಲದ ಕಾರ್ಡಿನಲ್ಲಿ, ಇಂಥ ಜಾಗದಿಂದಲೇ ಶುರುಮಾಡಿ, ಇಂಥ ಜಾಗದಲ್ಲೇ ಚುಕ್ಕೆ ಇಟ್ಟು ಬರೆಯಬೇಕು. ಎಲ್ಲ ಕಂಪ್ಯೂಟರಿಗೆ ಹೋಗಿರುವ ಕಾಲದಲ್ಲಿ ಇದೇಕೆ ಎಂದು ನಾನೂ ಗೊಣಗಿದ್ದೇನೆ. ಆದರೆ ಬರೆದು ಬರೆದೇ ಅದು ಕೈಗೆ ಕೂರುವುದು. ಅಭ್ಯಾಸಕ್ಕೆ ನೂರಾರು ಕಾರ್ಡು ಬೇಕು. ತಿಪಟೂರಿನ ಅಂಗಡಿಯಲ್ಲಿ ಕೇಳಿದೆ, ಇರಲಿಲ್ಲ. ಡ್ರಾಯಿಂಗ್ ಶೀಟ್ ಕತ್ತರಿಸುತ್ತಾ ಕೂತಿದ್ದೆ. ಅತ್ತೆ ನೋಡಿದರು. ಅವರಿಗೆ ಓದು ಬರಹ ಬರುವುದಿಲ್ಲ. “ಅಷ್ಟು ಗಟ್ಟಿ ಕಾಗದಕ್ಕೆ ದುಡ್ಡು ಹಾಕ್ತೀಯೇನಮ್ಮ?” ಎಂದವರೇ ಒಳಗೆ ಹೋಗಿ ತಮ್ಮ ಟ್ರಂಕು ತೆಗೆದರು. ಇಪ್ಪತ್ತು ವರ್ಷದ ಲಗ್ನಪತ್ರಿಕೆಗಳು! ಬಂದ ಒಂದೂ ಪತ್ರಿಕೆಯನ್ನು ಎಸೆದಿಲ್ಲ. ಅಕ್ಷರ ಗೊತ್ತಿಲ್ಲದಿದ್ದರೂ ಬಣ್ಣ, ಚಿತ್ರ ನೋಡಿಯೇ ಇದು ಯಾರ ಮದುವೆಯದು, ಆ ಮದುವೆಯಲ್ಲಿ ಪಾಯಸ ಹೇಗಿತ್ತು, ಈಗ ಆ ಹುಡುಗಿ ಎಲ್ಲಿದ್ದಾಳೆ ಎಂದು ಹೇಳಬಲ್ಲರು. ನಮ್ಮ ಕೋರ್ಸಿನಲ್ಲಿ ಇದಕ್ಕೆ ಏನು ಹೆಸರೋ ತಿಳಿಯದು, ಸೂಚಿಯಂತೂ ಪಕ್ಕಾ ಇತ್ತು.

ಮಧ್ಯಾಹ್ನ ಮಕ್ಕಳು ಶಾಲೆಗೆ ಹೋದ ಮೇಲೆ ಅವರು ಕತ್ತರಿ ಹಿಡಿದು ಕೂರುತ್ತಿದ್ದರು. ಅಳತೆಗೆ ನಾನು ಕೊಟ್ಟ ಒಂದು ಕಾರ್ಡು. ಮೊದಲು ಗಣಪತಿಯ ಚಿತ್ರವನ್ನು ಕತ್ತರಿಸಿ ಬೇರೆ ಡಬ್ಬಿಗೆ, ಅದನ್ನು ಕಾಲಿಗೆ ಸಿಗುವ ಹಾಗೆ ಬಿಡುವಂತಿಲ್ಲ. ಆಮೇಲೆ ಹಿಂಬದಿ ಖಾಲಿ ಇರುವ ಭಾಗ ನನಗೆ. ಕೆಲವಕ್ಕೆ ಮೂಲೆಯಲ್ಲಿ ಹಚ್ಚಿದ ಅರಿಶಿನ ಹಾಗೇ ಉಳಿದಿತ್ತು. ನಾಲ್ಕೂವರೆಗೆ ಎದ್ದು ಅಡುಗೆಮನೆಯ ದೀಪ ಹಾಕಿ, ರಾಗಿ ಡಬ್ಬದ ಮುಚ್ಚಳವನ್ನೇ ಮೇಜು ಮಾಡಿಕೊಂಡು, ಒಂದು ಬದಿಯಲ್ಲಿ ಯಾರದೋ ಮುಹೂರ್ತ, ಇನ್ನೊಂದು ಬದಿಯಲ್ಲಿ ನನ್ನ ಲೇಖಕ ನಮೂದು. ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಇನ್ನೂರ ಹತ್ತು ಕಾರ್ಡು ಬರೆದಿದ್ದೆ. ಆ ವಿಷಯದಲ್ಲಿ ನನಗೆ 100ಕ್ಕೆ 81. ಮಿಕ್ಕ ವಿಷಯಗಳ ಅಂಕ ಇಲ್ಲಿ ಬೇಡ.

ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳ ವೇಳಾಪಟ್ಟಿ ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ ಬಂತು. ನಿಮ್ಮ ಪತ್ರಿಕೆಯಲ್ಲೂ ಅಚ್ಚಾಯಿತು, ಅವಳು ಕತ್ತರಿಸಿ ಅದೇ ಕ್ಯಾಲೆಂಡರಿನ ಪಕ್ಕ ಅಂಟಿಸಿದಳು. ಗಣಿತಕ್ಕೆ ಮುಂಚೆ ಎಷ್ಟು ದಿನ ಬಿಡುವು, ವಿಜ್ಞಾನಕ್ಕೆ ಎಷ್ಟು ಎಂದು ನೋಡಿಕೊಂಡು ಓದಿದಳು. ಪಕ್ಕದ ಖಾಲಿ ಗೋಡೆಯನ್ನು ತೋರಿಸಿ, “ಅಮ್ಮ, ಇದು ನಿಂದು” ಎಂದು ಜಾಗವನ್ನೂ ಬಿಟ್ಟಿದ್ದಳು. ಅಲ್ಲಿ ಅಂಟಿಸಲು ನನ್ನ ವೇಳಾಪಟ್ಟಿ ಬಂದದ್ದು ಪರೀಕ್ಷೆಗೆ ಒಂಬತ್ತು ದಿನ ಇರುವಾಗ.

ಒಂಬತ್ತು ದಿನ. ಅತ್ತೆಯವರ ಕಣ್ಣಿನ ಪೊರೆಯ ಆಪರೇಷನ್ನಿಗೆ ಅದಕ್ಕೆ ಒಂದು ತಿಂಗಳ ಹಿಂದೆಯೇ ದಿನ ಗೊತ್ತಾಗಿತ್ತು. ಅದು ನನ್ನ ಎರಡನೇ ಪತ್ರಿಕೆಯ ದಿನವೇ ಬಿತ್ತು. ಆಪರೇಷನ್ ಮುಂದಕ್ಕೆ ಹಾಕಿಸಿದೆವು. “ಇಷ್ಟು ದಿನ ಮಬ್ಬಾಗೇ ಕಂಡೈತೆ, ಇನ್ನೊಂದು ತಿಂಗಳು ಕಾಣ್ಲಿ ಬಿಡು” ಎಂದರು ಅವರು. ಅವರು ಹಾಗೆ ಅಂದದ್ದು ದೊಡ್ಡತನ. ಅದನ್ನು ಯಾವ ಕಾರಣಕ್ಕೆ ಅನ್ನಬೇಕಾಯಿತು ಎಂಬುದು ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕಿಂತ ಚೆಂದದ್ದು ಇನ್ನೊಂದಿದೆ. ಎಂ.ಎ.ಯ ಒಂದು ಪತ್ರಿಕೆ, ಬಿ.ಲಿಬ್.ನ ಒಂದು ಪತ್ರಿಕೆ, ಎರಡೂ ಒಂದೇ ದಿನ, ಒಂದೇ ಹೊತ್ತು. ಒಂದು ಕೇಂದ್ರ ತುಮಕೂರಿನಲ್ಲಿ, ಇನ್ನೊಂದು ಹಾಸನದಲ್ಲಿ. ತಿಪಟೂರು ಎರಡಕ್ಕೂ ಸರಿಸುಮಾರು ನಡುವೆ, ಆ ಕಡೆಗೂ ಎಪ್ಪತ್ತು ಕಿಲೋಮೀಟರಿನ ಆಸುಪಾಸು, ಈ ಕಡೆಗೂ ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾಣ್ಯ ಚಿಮ್ಮಬಹುದಿತ್ತು. ಎರಡು ಕೋರ್ಸಿಗೆ ಅನುಮತಿ ಕೊಟ್ಟ ಯುಜಿಸಿ, ಎರಡೂ ನೇರ ತರಗತಿಯವಾದರೆ ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು ಎಂದು ಷರತ್ತು ಹಾಕಿದೆ. ನಮಗೆ ದಿನನಿತ್ಯದ ತರಗತಿಯೇ ಇಲ್ಲ, ಬೀಳುವುದೇನಿದ್ದರೂ ಪರೀಕ್ಷೆಯೇ. ಸಹಾಯವಾಣಿಗೆ ಫೋನ್ ಮಾಡಿದೆ. ಹನ್ನೊಂದನೇ ಸಲಕ್ಕೆ ಸಿಕ್ಕರು. “ಒಂದನ್ನ ಬಿಡಿ ಮೇಡಂ, ಮುಂದಿನ ಸಲ ಫೀಸ್ ಕಟ್ಟಿ ಬರೀಬಹುದು” ಎಂದರು. ಫೋನ್ ಎತ್ತಿದ ಹುಡುಗಿಯದೇನೂ ತಪ್ಪಿಲ್ಲ. ಅವಳ ಹಿಂದೆ ಯಾವುದೋ ಮಗು ಅಳುತ್ತಿತ್ತು, ಅವಳೂ ನನ್ನಂತೆಯೇ ಯಾವುದೋ ತೆರಪಿನಲ್ಲಿ ಕೆಲಸ ಮಾಡುತ್ತಿದ್ದಳೋ ಏನೋ. ನಾನು ಎಂ.ಎ.ಯದನ್ನು ಬಿಟ್ಟೆ. ತುಂಬಾ ಇಷ್ಟಪಟ್ಟು ಓದಿದ್ದ ವಿಷಯ ಅದು. ಹಾಲ್ ಟಿಕೆಟ್ ಇನ್ನೂ ಟ್ರಂಕಿನಲ್ಲಿದೆ, ಗಣಪತಿ ಚಿತ್ರಗಳ ಜೊತೆ.

ಬಸ್ಸಿನ ಮಾತು ಬಂತು, ಒಂದು ಒಳ್ಳೆಯದನ್ನೂ ಹೇಳುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಪರೀಕ್ಷೆಗೆ ಹೋಗಿ ಬರುವ ಚಾರ್ಜಿನ ಚಿಂತೆ ನನಗಿಲ್ಲ. ಮುಂಚೆ ಬಿ.ಎ. ಮಾಡುವಾಗ ಆ ದುಡ್ಡನ್ನೂ ಕೇಳಿ ಪಡೆಯಬೇಕಿತ್ತು, ಕೇಳುವಾಗಲೆಲ್ಲ ‘ಇನ್ನೂ ಎಷ್ಟು ಪರೀಕ್ಷೆ’ ಎಂಬ ಮಾತು ಬರುತ್ತಿತ್ತು. ಈಗ ಆಧಾರ್ ಕಾರ್ಡ್ ತೋರಿಸಿ ಹತ್ತಿದರಾಯಿತು. ಸೀಟು ಸಿಗುವುದಿಲ್ಲ. ಗುಬ್ಬಿಯವರೆಗೆ ನಿಂತುಕೊಂಡೇ, ಕಂಬ ಹಿಡಿದ ಕೈಯಲ್ಲೇ ನೋಟ್ಸ್ ಮಡಚಿ ಹಿಡಿದು ಓದಿದ್ದೇನೆ. ಆ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಲ್ಲ, ತಲೆಗೆ ಹತ್ತಿದ್ದು ಅಷ್ಟಕ್ಕಷ್ಟೆ.

ಈಗ ನನಗೆ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನಮ್ಮ ಕೋರ್ಸಿನ ಮೊದಲ ಪಾಠವೇ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳು. ಗಣಿತದ ಮೇಷ್ಟ್ರಾಗಿದ್ದು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಕಡೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಅಲ್ಲೇ ಒಂದು ತರಬೇತಿ ಮತ್ತು ಸಂಶೋಧನಾ ಕೇಂದ್ರವನ್ನೂ ಕಟ್ಟಿದರು. 1931ರಲ್ಲಿ ಅವರು ಪ್ರಕಟಿಸಿದ ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗರ ಸಮಯ ಉಳಿಸಿ’. ಇಷ್ಟೇ. ಓದಲು ಬಂದವರನ್ನು ಕಾಯಿಸಬೇಡ, ಅವರ ಹೊತ್ತಿಗೆ ಬೆಲೆ ಇದೆ ಎಂಬುದು ಅದರ ತಿರುಳು. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಅದು, ಬಂದೇ ಬರುತ್ತದೆ. ನನಗೂ ಬಂತು. ಒಂಬತ್ತು ದಿನದ ಮುಂಚೆ ವೇಳಾಪಟ್ಟಿ ಕೊಟ್ಟವರು, ಏಳು ವಾರ ತಡವಾಗಿ ಪುಸ್ತಕ ಕಳಿಸಿದವರು ‘ಓದುಗರ ಸಮಯ ಉಳಿಸುವ ಬಗೆಗಳನ್ನು ವಿವರಿಸಿ’ ಎಂದು ಕೇಳಿದ್ದರು. ಮೂರು ಪುಟ ವಿವರಿಸಿದೆ. ನಾಲ್ಕನೇ ಪುಟದಲ್ಲಿ ಬರೆಯಬೇಕೆನಿಸಿದ್ದನ್ನು ಬರೆಯಲಿಲ್ಲ, ಅದನ್ನೇ ಈಗ ನಿಮಗೆ ಬರೆಯುತ್ತಿದ್ದೇನೆ.

ಇನ್ನೊಂದು ತಮಾಷೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಸಮಯ ನಿರ್ವಹಣೆಯ ಪುಸ್ತಕಗಳಿಗೆ ಎರಡು ಜಾಗ. ಮನೆವಾರ್ತೆಯ ಸಮಯವಾದರೆ 640.43, ಉದ್ಯೋಗದ ಸಮಯವಾದರೆ 650.11. ಅಭ್ಯಾಸ ಮಾಡುವಾಗ ಈ ಎರಡು ಸಂಖ್ಯೆ ಪಕ್ಕಪಕ್ಕದಲ್ಲಿ ಬರೆದುಕೊಂಡು ನೋಡಿದೆ. ದೂರಶಿಕ್ಷಣವೋ, ಅದು ಇನ್ನೆಲ್ಲೋ ದೂರದಲ್ಲಿ, 371.35. ಕಪಾಟಿನಲ್ಲಿ ಇವು ಮೂರೂ ಬೇರೆ ಬೇರೆ ಅರೆಯಲ್ಲಿರುವುದು ಸರಿ. ಕೋರ್ಸು ರೂಪಿಸುವವರ ತಲೆಯಲ್ಲೂ ಹಾಗೆಯೇ ಇದ್ದರೆ ಹೇಗೆ?

ಪದವಿ ಸುಲಭ ಮಾಡಿ ಎಂದು ನಾನು ಕೇಳುತ್ತಿಲ್ಲ. ಪಾಠ ಕಡಿಮೆ ಮಾಡಿ ಎಂದೂ ಅಲ್ಲ. ರೆಗ್ಯುಲರ್ ಕಾಲೇಜಿನ ಮಕ್ಕಳು ಓದುವಷ್ಟನ್ನೇ ನಾವೂ ಓದಬೇಕು, ಇಲ್ಲದಿದ್ದರೆ ‘ಓ, ಕರೆಸ್ಪಾಂಡೆನ್ಸಾ?’ ಎಂದು ಮೂಗು ಮುರಿಯುವವರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ನನ್ನ ಬೇಡಿಕೆ ಒಂದೇ. ಪ್ರವೇಶ ಅರ್ಜಿಯ ಮೊದಲ ಪುಟದಲ್ಲಿ, ಶುಲ್ಕದ ಅಂಕಿ ಇರುವಷ್ಟೇ ದೊಡ್ಡ ಅಕ್ಷರದಲ್ಲಿ, ‘ಈ ಕೋರ್ಸಿಗೆ ವಾರಕ್ಕೆ ಇಷ್ಟು ಗಂಟೆ ಓದಬೇಕಾಗುತ್ತದೆ’ ಎಂದು ಬರೆಯಿರಿ. ಅಷ್ಟು ಗಂಟೆ ಇಲ್ಲದವರಿಗೆ ಅರ್ಧ ಹೊರೆ ಹೊರುವ ದಾರಿಯನ್ನು ಅಲ್ಲೇ ತೋರಿಸಿ. ಒಂದು ಸೆಮಿಸ್ಟರಿಗೆ ಎರಡೇ ವಿಷಯ, ಅದಕ್ಕೆ ಎರಡೇ ವಿಷಯದ ಶುಲ್ಕ. ಇಗ್ನೋದಲ್ಲಿ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೂ ಎಳೆದು ಮುಗಿಸಲು ಅವಕಾಶವಿದೆ. ಅವಧಿ ಕೊಡುವುದು ಬೇರೆ, ನಿಧಾನವಾಗಿ ಓದುವವರನ್ನು ಫೇಲಾದವರ ಸಾಲಿಗೆ ನಿಲ್ಲಿಸದೆ ಇರುವುದು ಬೇರೆ. ನಾನು ಬಿಟ್ಟ ಆ ಒಂದು ಪತ್ರಿಕೆಯ ಮುಂದೆ ಅಂಕಪಟ್ಟಿಯಲ್ಲಿ ‘ಗೈರು’ ಎಂದು ಬಂದಿದೆ. ನಾನು ಗೈರಾಗಿರಲಿಲ್ಲ, ಹಾಸನದಲ್ಲಿ ಇನ್ನೊಂದು ಪರೀಕ್ಷೆ ಬರೆಯುತ್ತಿದ್ದೆ.

ವೇಳಾಪಟ್ಟಿ ಕನಿಷ್ಠ 45 ದಿನ ಮುಂಚೆ ಸಿಗಬೇಕು. ಮನೆ ಇರುವವರಿಗೆ ಅಷ್ಟು ದಿನ ಬೇಕೇ ಬೇಕು. ಇಪ್ಪತ್ತರ ಹುಡುಗ ರಾತ್ರಿ ಬ್ಯಾಗು ಹಾಕಿಕೊಂಡು ಹೊರಟುಬಿಡುತ್ತಾನೆ. ನಾನು ಹೊರಡಬೇಕಾದರೆ ಅತ್ತೆಯ ಮಾತ್ರೆ, ಮಗನ ಟಿಫಿನ್, ಸಂಜೆ ಹಾಲು ಕರೆಯಲು ಒಬ್ಬರು, ಗ್ರಂಥಾಲಯದ ಬೀಗದ ಕೈ ಯಾರ ಬಳಿ ಎಂಬುದು, ಪಂಚಾಯಿತಿಗೆ ರಜೆ ಚೀಟಿ, ಇಷ್ಟೂ ಮೊದಲು ಹೊರಡಬೇಕು. ಆಮೇಲೆ ನಾನು.

ಈಚೆಗೆ ನಮ್ಮ ಗ್ರಂಥಾಲಯಕ್ಕೆ ಬರುವ ಮೂವರು ಹೆಂಗಸರು ದೂರಶಿಕ್ಷಣಕ್ಕೆ ಸೇರಬೇಕೆಂದು ಕೇಳಿದರು. ಒಬ್ಬಳು ಆಶಾ ಕಾರ್ಯಕರ್ತೆ, ಒಬ್ಬಳು ಗಾರ್ಮೆಂಟ್ಸಿಗೆ ಹೋಗುವವಳು, ಇನ್ನೊಬ್ಬಳಿಗೆ ಆರು ತಿಂಗಳ ಕೂಸು. ಸೇರಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನೆಯಿಂದ ಹಳೆಯ ಕ್ಯಾಲೆಂಡರ್ ತಂದು ಮೇಜಿನ ಮೇಲೆ ಬಿಡಿಸುತ್ತೇನೆ. ಹಾಲಿನ ಲೀಟರಿನ ಕೆಳಗಿನ ಪೆನ್ಸಿಲ್ ಅಂಕಿಗಳನ್ನು ತೋರಿಸುತ್ತೇನೆ. “ಒಂದು ತಿಂಗಳು ನೀವೂ ಹೀಗೆ ಬರೀರಿ, ಆಮೇಲೆ ಬನ್ನಿ, ಎಷ್ಟು ವಿಷಯ ತಗೋಬಹುದು ಅಂತ ಕೂತು ಭಾಗಿಸೋಣ” ಎನ್ನುತ್ತೇನೆ. ಕೂಸಿನ ತಾಯಿ ಬರೆದುಕೊಂಡು ಬಂದಳು. ವಾರಕ್ಕೆ ಏಳು ಗಂಟೆ. ಆರು ಕ್ರೆಡಿಟ್. ಅವಳಿಗೆ ಹಾಗೆ ಆರೇ ಕ್ರೆಡಿಟ್ ಕೊಡುವ ಅರ್ಜಿ ನಮೂನೆಯನ್ನು ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ.

ನಾನಂತೂ ಈ ಸಲ ಬಿ.ಲಿಬ್. ಒಂದನ್ನೇ ಇಟ್ಟುಕೊಂಡಿದ್ದೇನೆ. ಎಂ.ಎ.ಯ ಉಳಿದದ್ದು ಮುಂದಿನ ವರ್ಷ. ಅತ್ತೆಯ ಬಲಗಣ್ಣಿನ ಆಪರೇಷನ್ ಆಯಿತು. ಲಗ್ನಪತ್ರಿಕೆಯ ಬಣ್ಣಗಳು ಈಗ ಬೇರೆಯಾಗಿಯೇ ಕಾಣುತ್ತಿವೆಯಂತೆ. ಎಡಗಣ್ಣು ಬಾಕಿ ಇದೆ, ಅದಕ್ಕೆ ದಿನ ಗೊತ್ತುಮಾಡಲು ನನ್ನ ವೇಳಾಪಟ್ಟಿಗೆ ಕಾಯುತ್ತಿದ್ದೇವೆ.

ಕಡೆಗೆ ನಿಮ್ಮಲ್ಲೇ ಒಂದು ಕೋರಿಕೆ. ಎಸ್ಸೆಸ್ಸೆಲ್ಸಿ, ಪಿಯುಸಿ ವೇಳಾಪಟ್ಟಿಯನ್ನು ನೀವು ತಪ್ಪದೆ ಅಚ್ಚು ಹಾಕುತ್ತೀರಿ. ದೂರಶಿಕ್ಷಣದ್ದನ್ನೂ ಒಂದು ಮೂಲೆಯಲ್ಲಿ ಹಾಕಿ. ಇಂಥ ಸಂಸ್ಥೆ ಪರೀಕ್ಷೆಗೆ ಇಷ್ಟು ದಿನ ಮುಂಚೆ ವೇಳಾಪಟ್ಟಿ ಪ್ರಕಟಿಸಿದೆ ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ. ನಿಮ್ಮ ಪತ್ರಿಕೆ ನಮ್ಮ ಗ್ರಂಥಾಲಯಕ್ಕೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತದೆ. ಕಟ್ಟು ಬಿಚ್ಚುವವಳು ನಾನೇ. ಮೇಷ್ಟ್ರು ಬಂದು ಕೈಗೆತ್ತಿಕೊಳ್ಳುವ ಮುಂಚೆ ಆ ಮೂಲೆಯನ್ನು ನೋಡಿಕೊಳ್ಳುತ್ತೇನೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ
(ಮುಂದಿನ ಸೆಮಿಸ್ಟರಿನ ಅಂಕಪಟ್ಟಿ ಇನ್ನೂ ಬರುವುದಿದೆ, ಹೆಸರು ಪ್ರಕಟಿಸುವುದು ಬೇಡ)